ಮೆಡಿಕಲ್ ಶಾಪಲ್ಲಿ ಸಿಗೋ ಕೀಟೋಕೊನಜೋಲ್ 2% ಶಾಂಪೂ: ತಲೆಹೊಟ್ಟಿಗೆ ಬಳಸಿದ ಅನುಭವ

ಹಠಮಾರಿ ತಲೆಹೊಟ್ಟಿಗೆ ಏನ್ ಹಚ್ಚೋದು ಅಂತ ಯಾರಾದ್ರೂ ಕೇಳಿದ್ರೆ ನಾನು ಮೊದ್ಲು ಹೇಳೋ ಹೆಸರು ಕೀಟೋಕೊನಜೋಲ್ 2% ಶಾಂಪೂ. ಇದು ಕಂಪನಿ ಹೆಸರಲ್ಲ, ಔಷಧಿ ಹೆಸರು. ಹತ್ತಾರು ಕಂಪನಿಯವರು ಬೇರೆ ಬೇರೆ ಬ್ರ್ಯಾಂಡಲ್ಲಿ ಮಾಡ್ತಾರೆ, ಸೂಪರ್ ಮಾರ್ಕೆಟ್ ಶಾಂಪೂ ಸಾಲಲ್ಲಿ ಹುಡುಕೋದಕ್ಕಿಂತ ಮೆಡಿಕಲ್ ಶಾಪಿಗೆ ಹೋಗಿ ಕೇಳೋದು ಸುಲಭ. ತಮ್ಮನಿಗೆ ಚರ್ಮದ ಡಾಕ್ಟ್ರು ಬರ್ಕೊಟ್ಟಾಗಿಂದ ನಮ್ಮನೆ ಬಾತ್‌ರೂಮಲ್ಲಿ ಇದೊಂದು ಬಾಟಲಿ ಕಾಯಂ ಆಗಿದೆ, ಚಳಿಗಾಲ ಬಂತು ಅಂದ್ರೆ ನಾನೂ ಬಳಸ್ತೀನಿ. ಚೆನ್ನಾಗಿ ಕೆಲಸ ಮಾಡುತ್ತೆ, 5ಕ್ಕೆ 4 ಧಾರಾಳವಾಗಿ ಕೊಡ್ತೀನಿ. ಆದ್ರೆ ಮಾಮೂಲಿ ಶಾಂಪೂ ಥರ ಹಚ್ಚಿ ತಕ್ಷಣ ತೊಳ್ದು "ಇದೂ ವೇಸ್ಟು" ಅಂತ ಎತ್ತಿಟ್ಟಿರೋರು ತುಂಬಾ ಜನ ಇದಾರೆ, ಅವರಿಗೋಸ್ಕರಾನೇ ಇಷ್ಟು ಉದ್ದ ಬರೀತಿದೀನಿ.

ತಮ್ಮ ಮಾರತ್ತಹಳ್ಳಿ ಕಡೆ ಪಿಜಿಲಿ ಇರೋದು. ಬೋರ್ ನೀರು, ಬೈಕು, ದಿನಾ ಹೆಲ್ಮೆಟ್ಟು. "ಕಪ್ಪು ಶರ್ಟ್ ಹಾಕ್ಕೊಂಡು ಆಫೀಸಿಗೆ ಹೋಗೋಕೇ ಆಗಲ್ಲ ಕಣಕ್ಕ" ಅಂತಿದ್ದ. ತುಮಕೂರಿಗೆ ಬಂದಾಗೆಲ್ಲ ಅಮ್ಮ ಅವನ ತಲೆ ನೋಡಿ "ಎಣ್ಣೆ ಕಾಣ್ದೆ ಒಣಗೋಗೈತೆ ಕಣೋ, ಕೂತ್ಕ ಇಲ್ಲಿ" ಅಂತ ಬಿಸಿ ಮಾಡಿದ ಕೊಬ್ಬರಿ ಎಣ್ಣೆ ತಟ್ಟೋರು. ಆ ರಾತ್ರಿ ತಲೆ ತಣ್ಣಗಾಗಿ ಒಳ್ಳೆ ನಿದ್ದೆ ಬರೋದಂತೂ ನಿಜ, ಹೊಟ್ಟೂ ಕಾಣ್ತಿರ್ಲಿಲ್ಲ, ಯಾಕಂದ್ರೆ ಅದು ಎಣ್ಣೆಗೆ ಅಂಟ್ಕೊಂಡು ಒಳಗೇ ಕೂತಿರುತ್ತೆ. ಎರಡು ದಿನ ಬಿಟ್ಟು ಮತ್ತೆ ಶುರು, ಬುಡದಲ್ಲಿ ಹಳದಿ ಹಳದಿ ಜಿಡ್ಡಿನ ಪದರ, ಉಗುರಲ್ಲಿ ಕೆರೆದ್ರೆ ಅಂಟಂಟಾಗಿ ಬರೋದು. ಕಿವಿ ಹಿಂದೆ, ಹುಬ್ಬಲ್ಲಿ, ಮೂಗಿನ ಎರಡೂ ಪಕ್ಕ ಕೆಂಪಾಗಿ ಸಿಪ್ಪೆ ಏಳ್ತಿತ್ತು. ಡಾಕ್ಟ್ರು ತಲೆಗಿಂತ ಮುಂಚೆ ಆ ಮೂಗಿನ ಪಕ್ಕ ನೋಡಿನೇ ಇದು ಒಣ ತಲೆ ಅಲ್ಲ, ಸೆಬೊರಿಕ್ ಡರ್ಮಟೈಟಿಸ್, ಅಂದ್ರೆ ಜಿಡ್ಡು ಜಾಸ್ತಿ ಇರೋ ಕಡೆ ಚರ್ಮ ಕೆರಳಿ ಸಿಪ್ಪೆ ಏಳೋ ತೊಂದರೆ ಅಂತ ಹೇಳಿದ್ದು. ಒಣ ಚರ್ಮದ ಪುಡಿ ಸಣ್ಣಗೆ ಬೆಳ್ಳಗೆ ಇರುತ್ತೆ, ತಲೆ ಕೊಡವಿದ್ರೆ ಉದುರಿಹೋಗುತ್ತೆ, ಕೈಕಾಲು ಚರ್ಮನೂ ಒಣಗಿರುತ್ತೆ. ಇದು ಜಿಡ್ಡು ಜಿಡ್ಡಾಗಿ ದೊಡ್ಡ ಚಕ್ಕೆ ಥರ ಇರುತ್ತೆ, ತುರಿಕೆ ಜೊತೆಗೇ ಬರುತ್ತೆ. ಮನೇಲೇ ಇಷ್ಟು ವ್ಯತ್ಯಾಸ ಗುರುತಿಸಬಹುದು.

ಎಲ್ಲರ ನೆತ್ತಿ ಮೇಲೂ ಮಲಸೀಜಿಯಾ ಅನ್ನೋ ಒಂದು ಯೀಸ್ಟ್ ಇದ್ದೇ ಇರುತ್ತೆ, ಸ್ನಾನ ಮಾಡದೇ ಕೊಳಕಾಗಿ ಇರೋರಿಗೆ ಮಾತ್ರ ಹೊಟ್ಟು ಬರುತ್ತೆ ಅನ್ನೋದು ಸುಳ್ಳು, ಆ ಮಾತು ಕೇಳಿ ಕೇಳಿ ಎಷ್ಟೋ ಹುಡುಗರು ಹುಡುಗೀರು ಡಾಕ್ಟ್ರ ಹತ್ರ ಹೋಗೋಕೇ ನಾಚ್ಕೋತಾರೆ, ಅದು ನನಗೆ ತುಂಬಾ ಬೇಜಾರಾಗೋ ವಿಷಯ. ಈ ಯೀಸ್ಟು ತನಗೆ ಬೇಕಾದ ಕೊಬ್ಬಿನಂಶನ ತಾನೇ ತಯಾರು ಮಾಡ್ಕೊಳಲ್ಲ, ನಮ್ಮ ಚರ್ಮ ಸುರಿಸೋ ಜಿಡ್ಡನ್ನೇ ನಂಬ್ಕೊಂಡಿರುತ್ತೆ. ಆ ಜಿಡ್ಡನ್ನ ಒಡೆದು ತಿಂದ ಮೇಲೆ ಒಲಿಯಿಕ್ ಆಸಿಡ್ ಥರದವು ಚರ್ಮದ ಮೇಲೇ ಉಳಿಯುತ್ತೆ, ಕೆಲವರ ಚರ್ಮಕ್ಕೆ ಅದು ಆಗಿಬರಲ್ಲ, ಕೆರಳುತ್ತೆ, ಕೆರಳಿದ ಚರ್ಮ ಗಡಿಬಿಡಿಯಲ್ಲಿ ಹೊಸ ಹೊಸ ಪದರ ಮಾಡುತ್ತೆ, ಸರಿಯಾಗಿ ಬಲಿಯದ ಪದರ ಚಕ್ಕೆ ಚಕ್ಕೆಯಾಗಿ ಎದ್ದು ಬರುತ್ತೆ. ಹದಿಹರೆಯದಲ್ಲಿ ಜಿಡ್ಡಿನ ಗ್ರಂಥಿಗಳು ಜೋರಾದ ಮೇಲೆ ಇದು ಹೆಚ್ಚಾಗಿ ಶುರುವಾಗೋದೂ ಅದಕ್ಕೇ.

ಕೀಟೋಕೊನಜೋಲ್ ಆ ಯೀಸ್ಟಿನ ಜೀವಕೋಶದ ಪೊರೆಗೆ ಬೇಕಾದ ಎರ್ಗೋಸ್ಟೆರಾಲ್ ಅನ್ನೋದು ತಯಾರಾಗದ ಹಾಗೆ ತಡೆಯುತ್ತೆ. ಪೂರ್ತಿ ನಿರ್ನಾಮ ಮಾಡಲ್ಲ, ಸಂಖ್ಯೆ ಇಳಿಸುತ್ತೆ, ಚರ್ಮ ಸುಧಾರಿಸ್ಕೊಳ್ಳುತ್ತೆ. 1970ರ ದಶಕದಲ್ಲಿ ಬೆಲ್ಜಿಯಂನ ಯಾನ್ಸೆನ್ ಕಂಪನಿಯವರು ಕಂಡುಹಿಡಿದ ಔಷಧಿ ಇದು, ಹೊಸದೇನಲ್ಲ. ಇದರ ಹೆಸರನ್ನ ಮೊಬೈಲಲ್ಲಿ ಹುಡುಕಿದ್ರೆ ಲಿವರ್ ಹಾಳಾಗುತ್ತೆ ಅಂತ ಬರುತ್ತೆ, ನಮ್ಮ ಚಿಕ್ಕಮ್ಮ ಅದನ್ನ ಓದಿ ಬಾಟಲಿ ವಾಪಸ್ ಕೊಡೋಕೆ ಹೊರಟಿದ್ರು. ಆ ಎಚ್ಚರಿಕೆ ಇರೋದು ನುಂಗೋ ಮಾತ್ರೆಗೆ. 2013ರಲ್ಲಿ ಯೂರೋಪಿನ ಔಷಧ ಸಂಸ್ಥೆ ಮಾತ್ರೆ ಮಾರಾಟ ನಿಲ್ಲಿಸಿ ಅಂತ ಶಿಫಾರಸು ಮಾಡ್ತು, ಅಮೆರಿಕಾದಲ್ಲೂ ಅದೇ ವರ್ಷ ಅದರ ಬಳಕೆನ ತುಂಬಾ ಕಡಿಮೆ ಮಾಡಿದ್ರು, ಎರಡೂ ಕಡೆ ಮುಖ್ಯ ಕಾರಣ ಲಿವರ್ರೇ. ತಲೆಗೆ ಹಚ್ಚಿ ತೊಳೆಯೋ ಶಾಂಪೂಯಿಂದ ರಕ್ತಕ್ಕೆ ಸೇರೋ ಪ್ರಮಾಣ ಲೆಕ್ಕಕ್ಕೇ ಬರದಷ್ಟು. ಮಾತ್ರೆ ಬೇರೆ, ಶಾಂಪೂ ಬೇರೆ.

ಈಗ ಬಳಸೋ ವಿಷಯ. ಬಾಟಲಿ ಚಿಕ್ಕದು, 100 ಎಂಎಲ್ ಹತ್ರ ಇರುತ್ತೆ, ಒಳಗಿರೋದು ಹೆಚ್ಚಾಗಿ ಗುಲಾಬಿ ಬಣ್ಣದ ಮಂದ ದ್ರವ. ಮೊದ್ಲು ತಲೆಗೆ ಎಣ್ಣೆ ಇದ್ರೆ ಮಾಮೂಲಿ ಶಾಂಪೂನಲ್ಲೋ ಸೀಗೆಪುಡಿನಲ್ಲೋ ಒಂದು ಸಲ ತೊಳ್ಕೊಂಡ್ಬಿಡಿ. ಎಣ್ಣೆ ಮೇಲೆ ಔಷಧಿ ಹಾಕಿದ್ರೆ ಚರ್ಮಕ್ಕೆ ತಾಗೋದೇ ಇಲ್ಲ. ಆಮೇಲೆ ತಲೆ ಒದ್ದೆ ಇರೋವಾಗ್ಲೇ ಬೈತಲೆ ತೆಗೆದ ಹಾಗೆ ಬೆರಳಲ್ಲಿ ಕೂದಲು ಬಿಡಿಸ್ಕೊಂಡು ಒಂದು ಸಾಲು, ಪಕ್ಕದಲ್ಲಿ ಇನ್ನೊಂದು ಸಾಲು, ಹೀಗೆ ಚರ್ಮ ಕಾಣೋ ಕಡೆ ಸ್ವಲ್ಪ ಸ್ವಲ್ಪ ಹಾಕಿ. ಅಂಗೈಲಿ ಸುರ್ಕೊಂಡು ನೆತ್ತಿ ಮೇಲೆ ತಟ್ಟಿದ್ರೆ ಮುಕ್ಕಾಲು ಭಾಗ ಕೂದಲಿಗೇ ಹೋಗುತ್ತೆ, ಕೂದಲಿಗೆ ಈ ಔಷಧಿಯಿಂದ ಏನೂ ಉಪಯೋಗ ಇಲ್ಲ. ಬೆರಳ ತುದಿಯ ಮೆತ್ತನೆ ಭಾಗದಲ್ಲಿ ತಿಕ್ಕಿ, ಉಗುರು ತಾಗಿಸ್ಬೇಡಿ. ಕಿವಿ ಹಿಂದಿನ ಮಡಿಕೆ, ಕತ್ತಿನ ಹಿಂದೆ ಕೂದಲು ಮುಗಿಯೋ ಗೆರೆ, ಹಣೆ ಅಂಚು, ಈ ಮೂರು ಜಾಗ ಎಲ್ರೂ ಬಿಟ್ಬಿಡ್ತಾರೆ, ಹೊಟ್ಟು ವಾಪಸ್ ಬರೋದೂ ಅಲ್ಲಿಂದಾನೇ. ಗಡ್ಡ ಇರೋರು ನೊರೆನ ಗಡ್ಡದ ಬುಡಕ್ಕೂ ತಾಗಿಸ್ಬೇಕು.

ಅದಾದ್ಮೇಲೆ 5 ನಿಮಿಷ ಬಿಡಿ. 3ಕ್ಕಿಂತ ಕಡಿಮೆ ಅಂತೂ ಬೇಡವೇ ಬೇಡ. ಇಡೀ ಬಾಟಲಿ ದುಡ್ಡು ವಸೂಲಾಗೋದು ಇಲ್ಲೇ. ಡಿಸೆಂಬರಲ್ಲಿ ಬೆಳಿಗ್ಗೆ ಬಕೆಟ್ ಮುಂದೆ ಒದ್ದೆ ತಲೆಲಿ ಕೂತಿರೋದು ಕಷ್ಟ ಅಂತ ನನಗೂ ಗೊತ್ತು, ಅದಕ್ಕೆ ನಮ್ಮನೇಲಿ ತಲೆಗೆ ಹಚ್ಕೊಂಡು ಆ ಹೊತ್ತಲ್ಲಿ ಮೈಗೆ ಸೋಪು ಹಾಕೋದು, ಕಾಲು ಉಜ್ಜೋದು ಎಲ್ಲ ಮುಗಿಸ್ತೀವಿ, ಕೊನೆಗೆ ತಲೆ ತೊಳೆಯೋದು. ನೀರು ಉಗುರುಬೆಚ್ಚಗೆ ಇದ್ರೆ ಸಾಕು, ಸುಡೋ ನೀರು ಕೆರಳಿದ ಚರ್ಮಕ್ಕೆ ಒಳ್ಳೇದಲ್ಲ. ವಾರಕ್ಕೆ 2 ಸಲದ ಹಾಗೆ 2ರಿಂದ 4 ವಾರ, ಆಮೇಲೆ ವಾರಕ್ಕೋ ಎರಡು ವಾರಕ್ಕೋ ಒಂದು ಸಲ. ನಡುವಿನ ದಿನಗಳಲ್ಲಿ ಮಾಮೂಲಿ ಮೈಲ್ಡ್ ಶಾಂಪೂ. ಹೊಟ್ಟು ಹೋಯ್ತು ಅಂತ ಪೂರ್ತಿ ನಿಲ್ಲಿಸಿದ್ರೆ ಮತ್ತೆ ಬರುತ್ತೆ, ಯಾಕಂದ್ರೆ ಯೀಸ್ಟೂ ಅಲ್ಲೇ ಇದೆ, ಜಿಡ್ಡೂ ಅಲ್ಲೇ ಇದೆ. ಇದನ್ನ "ಶಾಂಪೂ ಅಭ್ಯಾಸ ಆಗ್ಬಿಡ್ತು, ಬಿಟ್ರೆ ಜಾಸ್ತಿ ಆಗುತ್ತೆ" ಅಂತ ತಪ್ಪು ತಿಳ್ಕೊಂಡೋರು ಬಹಳ. ಬಾಟಲಿ ಮೇಲಿನ ಅಕ್ಷರ ಇರುವೆ ಸಾಲಷ್ಟು ಸಣ್ಣ, ಅದೂ ಇಂಗ್ಲಿಷಲ್ಲಿ, ಅಮ್ಮನಿಗೋಸ್ಕರ ನಾನು ಒಂದು ಚೀಟಿಲಿ ದಪ್ಪಗೆ ಬರ್ದು ಪ್ಲಾಸ್ಟಿಕ್ ಟೇಪಲ್ಲಿ ಅಂಟಿಸಿದೀನಿ. ಕನ್ನಡದಲ್ಲೂ ಬಳಸೋ ವಿಧಾನ ಹಾಕಿದ್ರೆ ಎಷ್ಟು ಜನಕ್ಕೆ ಅನುಕೂಲ ಆಗ್ತಿತ್ತು. ನಾನು ಒಂದು ಮಾರ್ಕ್ ಕಡಿಮೆ ಮಾಡಿದ್ದಕ್ಕೆ ಇದೂ ಒಂದು ಕಾರಣ.

ತಮ್ಮನಿಗೆ ಮೊದಲು ತುರಿಕೆ ಹೋಯ್ತು. ಚಕ್ಕೆ ಕಡಿಮೆಯಾಗೋಕೆ ಇನ್ನೂ ಸ್ವಲ್ಪ ಟೈಮ್ ಹಿಡೀತು, ಕಿವಿ ಹಿಂದಿನ ಕೆಂಪು ಕೊನೆಗೆ ಹೋಗಿದ್ದು.

ಎಣ್ಣೆ ವಿಷಯ ಬಂದ್ರೆ ಮನೆಮನೇಲೂ ಜಗಳ. ನಾನು ಎಣ್ಣೆ ವಿರೋಧಿ ಅಲ್ಲ. ಕೊಬ್ಬರಿ ಎಣ್ಣೆ ಕೂದಲಿಗೆ ಒಳ್ಳೇದು ಅನ್ನೋದಕ್ಕೆ ಆಧಾರ ಇದೆ, ಅದರಲ್ಲಿರೋ ಲಾರಿಕ್ ಆಸಿಡ್ ಕೂದಲ ಎಳೆ ಒಳಗೆ ಇಳಿಯುತ್ತೆ, ತೊಳೆಯೋವಾಗ ಕೂದಲಿನ ಪ್ರೋಟೀನ್ ಹೋಗೋದು ಕಡಿಮೆಯಾಗುತ್ತೆ ಅಂತ 2003ರಲ್ಲಿ ಭಾರತದ ಸಂಶೋಧಕರೇ ಪ್ರಕಟಿಸಿದಾರೆ, ಅದೇ ಅಧ್ಯಯನದಲ್ಲಿ ಸೂರ್ಯಕಾಂತಿ ಎಣ್ಣೆ, ಮಿನರಲ್ ಎಣ್ಣೆಗೆ ಆ ಗುಣ ಕಾಣ್ಲಿಲ್ಲ. ಆದ್ರೆ ಅದು ಕೂದಲ ಎಳೆಯ ಮಾತು. ಜಿಡ್ಡು ಹೊಟ್ಟು ಇರೋ ಚರ್ಮಕ್ಕೆ ರಾತ್ರಿಯೆಲ್ಲ ಎಣ್ಣೆ ಬಿಡೋದು ಇರುವೆ ಗೂಡಿನ ಮುಂದೆ ಸಕ್ಕರೆ ಸುರಿದ ಹಾಗೆ. ಅಮ್ಮನ ಜೊತೆ ನಾನು ಮಾಡ್ಕೊಂಡಿರೋ ಒಪ್ಪಂದ ಏನಂದ್ರೆ, ಹೊಟ್ಟು ಜೋರಾಗಿರೋ ವಾರಗಳಲ್ಲಿ ತಮ್ಮನ ತಲೆಗೆ ಎಣ್ಣೆ ಬೇಡ, ಕಡಿಮೆ ಆದ್ಮೇಲೆ ತೊಳೆಯೋ ಒಂದು ಗಂಟೆ ಮುಂಚೆ ಹಚ್ಚಿ ಪೂರ್ತಿ ತೆಗೆದುಬಿಡೋದು. ನೀರು ತುಂಬೋ ಹಬ್ಬದ ಎಣ್ಣೆ ಸ್ನಾನಕ್ಕೆ ಯಾವ ಅಡ್ಡಿಯೂ ಇಲ್ಲ, ವರ್ಷಕ್ಕೊಂದು ಸಲ ಅಮ್ಮನ ಕೈಲಿ ತಲೆಗೆ ಎಣ್ಣೆ ಒತ್ತಿಸ್ಕೊಳ್ಳೋ ಸುಖ ಯಾವ ಡಾಕ್ಟ್ರೂ ಬೇಡ ಅನ್ನಲ್ಲ. ನಿಂಬೆಹಣ್ಣು ನೇರವಾಗಿ ತಿಕ್ಕೋದು, ಅಡುಗೆ ಸೋಡಾ ಹಾಕೋದು ಮಾತ್ರ ಮಾಡ್ಬೇಡಿ. ಕೆರೆದು ಗಾಯ ಆಗಿರೋ ಚರ್ಮಕ್ಕೆ ಅದು ಉರಿ ಅಷ್ಟೇ.

ಸೀಗೆಕಾಯಿ, ಅಂಟುವಾಳ, ಚಿಗರೆ ಪುಡಿ, ಮಲೆನಾಡಿನ ಕಡೆ ಮತ್ತಿ ಸೊಪ್ಪು, ದಾಸವಾಳದ ಸೊಪ್ಪು ಇವೆಲ್ಲ ನಮ್ಮ ಹಿರಿಯರು ಬಳಸ್ತಾ ಬಂದಿರೋವು, ನನಗೆ ಅವುಗಳ ಮೇಲೆ ತುಂಬಾ ಗೌರವ ಇದೆ. ಸೀಗೆ, ಅಂಟುವಾಳದಲ್ಲಿ ಸಪೋನಿನ್ ಇರುತ್ತೆ, ನಿಜವಾಗ್ಲೂ ನೊರೆ ಬಂದು ಜಿಡ್ಡು ತೆಗೆಯುತ್ತೆ. ಮಾಮೂಲಿ ತಲೆಗೆ ಸಾಕು. ಸೆಬೊರಿಕ್ ಇದ್ದಾಗ ಮಾತ್ರ ಅಷ್ಟೇ ಸಾಲಲ್ಲ, ಜೊತೆಗೆ ತರಿತರಿ ಪುಡಿ ತಿಕ್ಕಿದ್ರೆ ಕೆರಳಿರೋ ಚರ್ಮ ಇನ್ನೂ ತರಚುತ್ತೆ. ಬಳಸೋದಾದ್ರೆ ಬಟ್ಟೆಲಿ ಜರಡಿ ಹಿಡ್ದು ಇಲ್ಲಾಂದ್ರೆ ನೆನೆಸಿ ಸೋಸಿದ ನೀರಲ್ಲಿ ತೊಳ್ಕೊಳ್ಳಿ. ಸೀಗೆ ಅಂತ ದೊಡ್ಡದಾಗಿ ಬರ್ದಿರೋ ಶಾಂಪೂ ಬಾಟಲಿ ಹಿಂದೆ ತಿರುಗಿಸಿ ನೋಡಿ, ನೊರೆ ಬರ್ಸೋ ಕೆಮಿಕಲ್ ಬೇರೆನೇ ಇರುತ್ತೆ, ಸೀಗೆ ಸಾರ ಪಟ್ಟಿಯಲ್ಲಿ ಎಲ್ಲೋ ಕೆಳಗಿರುತ್ತೆ.

ಬೇರೆ ಆಂಟಿ ಡ್ಯಾಂಡ್ರಫ್ ಶಾಂಪೂಗಳ ಜೊತೆ ಹೋಲಿಸಿದ್ರೆ, ಸೂಪರ್ ಮಾರ್ಕೆಟಲ್ಲಿ ಸಿಗೋ ಎಷ್ಟೋ ಶಾಂಪೂಗಳಲ್ಲಿ ಇರೋದು ಜಿಂಕ್ ಪೈರಿಥಿಯೋನ್. ಸಣ್ಣ ಪುಟ್ಟ ಹೊಟ್ಟಿಗೆ ಅದು ಸಾಕು, ಅಗ್ಗ, ಸ್ಯಾಷೆಯಲ್ಲೂ ಸಿಗುತ್ತೆ, ಕೂದಲೂ ಅಷ್ಟು ಒರಟಾಗಲ್ಲ. 2022ರ ಮಾರ್ಚಿಂದ ಯೂರೋಪಿಯನ್ ಒಕ್ಕೂಟದಲ್ಲಿ ಸೌಂದರ್ಯವರ್ಧಕಗಳಿಗೆ ಅದನ್ನ ಹಾಕೋ ಹಾಗಿಲ್ಲ, ಜರ್ಮನಿ ನೆದರ್‌ಲ್ಯಾಂಡ್ಸ್ ಕಡೆ ಇರೋ ನಮ್ಮವರು ಊರಿಂದ ಬರೋರ ಹತ್ರ ಶಾಂಪೂ ತರಿಸ್ಕೊಳ್ಳೋದು ನೋಡಿದೀನಿ. ನಮ್ಮಲ್ಲಿ ಇನ್ನೂ ಸಿಗುತ್ತೆ. ಸೆಲೆನಿಯಂ ಸಲ್ಫೈಡ್ ಶಾಂಪೂನೂ ಒಳ್ಳೇದೇ, ವಾಸನೆ ಮಾತ್ರ ಸ್ವಲ್ಪ ತಡ್ಕೋಬೇಕು. ಸ್ಯಾಲಿಸಿಲಿಕ್ ಆಸಿಡ್ ಇರೋದು ದಪ್ಪ ಪದರ ಮೆತ್ತಗೆ ಮಾಡಿ ಎಬ್ಬಿಸುತ್ತೆ. ನನ್ನ ಲೆಕ್ಕದಲ್ಲಿ ಹೊಟ್ಟು ಸಣ್ಣ ಪುಟ್ಟದಾಗಿದ್ರೆ ಮೊದ್ಲು ಜಿಂಕ್ ಇರೋದು ಒಂದು ತಿಂಗಳು ನೋಡಿ, ಬಗ್ಗದಿದ್ರೆ ಕೀಟೋಕೊನಜೋಲ್‌ಗೆ ಬನ್ನಿ. ಮುಖದ ಮೇಲೂ ಸಿಪ್ಪೆ ಏಳ್ತಿದ್ರೆ ನೇರ ಡಾಕ್ಟ್ರ ಹತ್ರ ಹೋಗಿ.

ಬೆಂಗಳೂರಿಗೆ ಬಂದ್ಮೇಲೆ ಬೋರ್ ನೀರಿಗೆ ಕೂದಲೆಲ್ಲ ಹೋಯ್ತು ಅನ್ನೋ ಮಾತಂತೂ ದಿನಾ ಕೇಳ್ತೀವಿ. ಗಡಸು ನೀರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ, ಸೋಪಿನ ಜೊತೆ ಸೇರಿ ಕೂದಲ ಮೇಲೆ ಪದರ ಕಟ್ಟುತ್ತೆ, ಕೂದಲು ಒರಟಾಗಿ ಸಿಕ್ಕಾಗುತ್ತೆ, ಬಾಚೋವಾಗ ತುಂಡಾಗುತ್ತೆ. ಬುಡ ಸಮೇತ ಉದುರಿ ಬೋಳಾಗೋಕೆ ಆ ನೀರೊಂದೇ ಕಾರಣ ಅಂತ ಹೇಳೋಕಾಗಲ್ಲ. ಕುಡಿಯೋ ನೀರಿಗೆ ಭಾರತದ ಮಾನದಂಡದಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರ್ಬೇಕು, ಬೇರೆ ನೀರೇ ಇಲ್ದಿದ್ರೆ 600ರ ತನಕ ನಡೆಯುತ್ತೆ ಅಂತಿದೆ, ನಿಮ್ಮ ಅಪಾರ್ಟ್‌ಮೆಂಟಲ್ಲಿ ಟೆಸ್ಟ್ ರಿಪೋರ್ಟ್ ಇದ್ರೆ ಕೇಳಿ ನೋಡಿ. ಪಿಜಿಲಿ ಸಾಫ್ಟನರ್ ಎಲ್ಲಿ ಬರ್ಬೇಕು, ಅದಕ್ಕೆ ತಮ್ಮ ಕೊನೆಯ ಎರಡು ಮಗ್ ಮಾತ್ರ ಫಿಲ್ಟರ್ ನೀರಲ್ಲಿ ತೊಳೀತಾನೆ. ಕೂದಲು ಮೆತ್ತಗಾಗಿದೆ. ಹೆಲ್ಮೆಟ್ ಒಳಗಿನ ಬಟ್ಟೆ ಬಿಚ್ಚೋಕೆ ಬರುತ್ತೆ, ಅದನ್ನೂ ದಿಂಬಿನ ಕವರನ್ನೂ ಬಾಚಣಿಗೆನೂ ವಾರಕ್ಕೊಮ್ಮೆ ತೊಳೀರಿ. ಒದ್ದೆ ತಲೆಗೆ ಹೆಲ್ಮೆಟ್ ಬೇಡ.

ಹೊಟ್ಟು ಹೋದ್ರೆ ಕೂದಲು ಬರುತ್ತಾ? ಎಲ್ರೂ ಕೇಳೋ ಪ್ರಶ್ನೆ ಇದು. ತುರಿಸಿ ತುರಿಸಿ ತುಂಡಾಗೋದು, ಕೆರಳಿದ ಚರ್ಮದಿಂದ ಜಾಸ್ತಿ ಉದುರೋದು ಹೆಚ್ಚಾಗಿ ಕಡಿಮೆಯಾಗುತ್ತೆ, ತಮ್ಮನ ವಿಷಯದಲ್ಲಿ ಬಾಚಣಿಗೆಗೆ ಬರೋ ಕೂದಲು ಕಣ್ಣಿಗೆ ಕಾಣೋ ಹಾಗೆ ಕಡಿಮೆ ಆಯ್ತು. 1998ರಲ್ಲಿ ಬೆಲ್ಜಿಯಂನಲ್ಲಿ ಆದ ಒಂದು ಸಣ್ಣ ಅಧ್ಯಯನದಲ್ಲಿ ಗಂಡಸರ ಬೊಕ್ಕತಲೆಗೆ ಈ ಶಾಂಪೂ, ಕೂದಲು ಬೆಳೆಯೋಕೆ ಹಚ್ಚೋ 2% ಮಿನಾಕ್ಸಿಡಿಲ್ ಅನ್ನೋ ಔಷಧಿಯ ಹತ್ತಿರ ಹತ್ತಿರ ಕೆಲಸ ಮಾಡ್ತು ಅಂತ ಬಂದಿತ್ತು, ಅದನ್ನೇ ಹಿಡ್ಕೊಂಡು ಈಗ ಕೂದಲು ಬೆಳೆಸೋ ಶಾಂಪೂ ಅಂತ ವಿಡಿಯೋ ಮಾಡ್ತಿದಾರೆ. ಅಷ್ಟು ಸಣ್ಣ ಅಧ್ಯಯನ ನಂಬ್ಕೊಂಡು ಬೋಳುತಲೆಗೆ ಇದನ್ನ ತಗೋಬೇಡಿ. ದಿನಕ್ಕೆ 50ರಿಂದ 100 ಕೂದಲು ಉದುರೋದು ಎಲ್ರಿಗೂ ಮಾಮೂಲಿ, ಹೊಸದು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತೆ, ಅದಕ್ಕಿಂತ ಬೇಗ ಬೆಳೆಸ್ತೀವಿ ಅನ್ನೋರನ್ನ ನಂಬ್ಬೇಡಿ. ಡೆಂಗ್ಯೂ, ಟೈಫಾಯ್ಡ್, ಕೋವಿಡ್ ಥರದ ಜ್ವರ ಬಂದು ಎರಡು ಮೂರು ತಿಂಗಳಾದ್ಮೇಲೆ, ಹೆರಿಗೆ ಆದ್ಮೇಲೆ ಕೂದಲು ಕಟ್ಟು ಕಟ್ಟಾಗಿ ಉದುರುತ್ತೆ, ಅದು ಬೇರೆ ಕಾರಣ, ಹೆಚ್ಚಿನವರಿಗೆ ತಾನಾಗೇ ಸರಿಹೋಗುತ್ತೆ. ಹೆಣ್ಣುಮಕ್ಕಳಿಗೆ ರಕ್ತಹೀನತೆ, ಥೈರಾಯ್ಡ್ ಇದ್ರೂ ಉದುರುತ್ತೆ. ಶಾಂಪೂ ಬದಲಾಯಿಸ್ತಾ ಕೂರೋ ಬದಲು ಡಾಕ್ಟ್ರು ಹೇಳಿದ್ರೆ ಹಿಮೋಗ್ಲೋಬಿನ್, ಮೈಯಲ್ಲಿ ಕೂಡಿಟ್ಟಿರೋ ಕಬ್ಬಿಣ ತೋರಿಸೋ ಫೆರಿಟಿನ್, ಥೈರಾಯ್ಡ್ ತೋರಿಸೋ ಟಿಎಸ್‌ಎಚ್ ಒಂದು ಸಲ ನೋಡಿಸ್ಕೊಳ್ಳಿ.

ಇಲ್ಲಿ ಒಂದು ವಿಷಯ ಹೇಳ್ಲೇಬೇಕು. ಡಾಕ್ಟ್ರ ಹತ್ರ ಹೋಗೋ ಮುಂಚೆ ತಮ್ಮ ಜಾಹೀರಾತು ನೋಡಿ ಒಂದು ಹೇರ್ ಕ್ಲಿನಿಕ್ಕಿಗೆ ಹೋಗಿದ್ದ, ಹೆಸರು ಬೇಡ. ಕ್ಯಾಮೆರಾ ಇಟ್ಟು ಬುಡನ ದೊಡ್ಡದು ಮಾಡಿ ಟಿವಿ ಪರದೆ ಮೇಲೆ ತೋರ್ಸಿ, ಹೀಗೇ ಬಿಟ್ರೆ ಎರಡು ವರ್ಷಕ್ಕೆ ಬೋಳಾಗ್ತೀರ ಅಂತ ಹೆದರಿಸಿ, ಹತ್ತಾರು ಸಾವಿರದ ಪ್ಯಾಕೇಜಿಗೆ ಅಲ್ಲೇ ಇಎಂಐ ಫಾರ್ಮ್ ತುಂಬ್ಸೋಕೆ ಕೂರಿಸಿದ್ರಂತೆ. ಮಾತಾಡಿಸಿದೋರಲ್ಲಿ ಒಬ್ರೂ ಡಾಕ್ಟ್ರಲ್ಲ. ಅವನು ಫೋನ್ ಮಾಡಿದ, ಸಹಿ ಹಾಕ್ಬೇಡ, ಎದ್ದು ಬಾ ಅಂದೆ. ಎಂಡಿ ಡರ್ಮಟಾಲಜಿ ಅಥವಾ ಡಿವಿಡಿ ಅನ್ನೋ ಚರ್ಮರೋಗದ ಡಿಪ್ಲೊಮಾ ಮಾಡಿರೋ ಚರ್ಮದ ಡಾಕ್ಟ್ರು ನಮ್ಮ ಜಿಲ್ಲಾ ಆಸ್ಪತ್ರೆಗಳಲ್ಲೂ ಇರ್ತಾರೆ, ಬೆಂಗಳೂರಲ್ಲಿ ವಿಕ್ಟೋರಿಯಾ, ಬೌರಿಂಗ್ ಎರಡರಲ್ಲೂ ಚರ್ಮದ ವಿಭಾಗ ಇದೆ. ತಲೆ ತುರಿಕೆಗೆ ಸಾವಿರಾರು ರೂಪಾಯಿ ಸಾಲ ಮಾಡೋ ಗತಿ ಯಾರಿಗೂ ಬರ್ಬಾರ್ದು.

ಶಾಂಪೂವಿನ ತೊಂದರೆಗಳೂ ಇವೆ. ಕೂದಲು ಒಣಗಿ ಒರಟಾಗುತ್ತೆ, ಉದ್ದ ಕೂದಲಿನ ಹೆಂಗಸರಿಗೆ ಇದು ಚೆನ್ನಾಗೇ ಗೊತ್ತಾಗುತ್ತೆ, ಕಿವಿ ಮಟ್ಟದಿಂದ ಕೆಳಗೆ ಮಾತ್ರ ಕಂಡೀಷನರ್ ಹಾಕಿ, ಬುಡಕ್ಕೆ ಬೇಡ. ಕಣ್ಣಿಗೆ ಬಿದ್ರೆ ಉರಿಯುತ್ತೆ. ಡೈ ಮಾಡಿಸಿದ ಅಥವಾ ಬೆಳ್ಳಗಾದ ಕೂದಲಲ್ಲಿ ಕೆಲವರಿಗೆ ಬಣ್ಣ ಸ್ವಲ್ಪ ಬದಲಾಗೋದು ಉಂಟು. ಹಚ್ಚಿದ ಮೇಲೆ ತುರಿಕೆ, ಕೆಂಪು ಜಾಸ್ತಿಯಾದ್ರೆ ನಿಲ್ಲಿಸಿಬಿಡಿ. ಗರ್ಭಿಣಿಯರು, ಹಾಲುಣಿಸೋ ತಾಯಂದಿರು, 12 ವರ್ಷದ ಒಳಗಿನ ಮಕ್ಕಳಿಗೆ ಡಾಕ್ಟ್ರನ್ನ ಕೇಳದೇ ಬೇಡ. ಮಕ್ಕಳ ತಲೇಲಿ ಗುಂಡಗೆ ಕೂದಲು ಹೋಗಿ ಸಿಪ್ಪೆ ಎದ್ದಿದ್ರೆ ಅದು ಹುಳುಕಡ್ಡಿ ಇರಬಹುದು, ಅದಕ್ಕೆ ನುಂಗೋ ಔಷಧಿ ಬೇಕು, ಬರೀ ಶಾಂಪೂಲಿ ಹೋಗಲ್ಲ. ಬೆಳ್ಳಿ ಬಣ್ಣದ ದಪ್ಪ ಪದರ, ಮೊಣಕೈ ಮೊಣಕಾಲಲ್ಲೂ ಅದೇ ಥರ ಇದ್ರೆ ಸೋರಿಯಾಸಿಸ್ ಇರಬಹುದು. ನಾಲ್ಕು ವಾರ ಸರಿಯಾಗಿ ಬಳಸಿಯೂ ಬಗ್ಗದಿದ್ರೆ ಇನ್ನೊಂದು ಬಾಟಲಿ ತಗೊಳ್ಳೋ ಬದಲು ತೋರಿಸಿ.

ಬೆಲೆ ನಾನು ತಗೊಂಡಿದ್ದು 300 ಚಿಲ್ಲರೆ ಬಿತ್ತು, ಬ್ರ್ಯಾಂಡ್ ಮೇಲೆ ಹೆಚ್ಚು ಕಡಿಮೆ ಇರುತ್ತೆ. ವಾರಕ್ಕೊಂದು ಸಲದ ಲೆಕ್ಕಕ್ಕೆ ಬಂದ್ಮೇಲೆ ಗಂಡಸರ ಕೂದಲಿಗೆ ಒಂದು ಬಾಟಲಿ ಸುಮಾರು ದಿನ ಬರುತ್ತೆ. ಕೊಳ್ಳೋವಾಗ ಮುಂದಿನ ದೊಡ್ಡ ಹೆಸರು ಬಿಟ್ಟು ಹಿಂದೆ ಕೀಟೋಕೊನಜೋಲ್ 2% ಅಂತ ಇದೆಯಾ, ಎಕ್ಸ್‌ಪೈರಿ ಯಾವಾಗ ಅಂತ ನೋಡಿ, ಜೊತೆಗೆ ಜಿಂಕ್ ಸೇರಿಸಿರೋ ಕಾಂಬಿನೇಷನ್ನೂ ಸಿಗುತ್ತೆ, ಮೊದಲ ಸಲಕ್ಕೆ ಬರೀ ಕೀಟೋಕೊನಜೋಲ್ ಇರೋದೇ ಸಾಕು, ಅಲರ್ಜಿ ಆದ್ರೆ ಯಾವುದರಿಂದ ಅಂತ ಗೊತ್ತಾಗುತ್ತೆ. ಅಂಗಡಿಯವರು "ಇದರ ಜೊತೆ ಈ ಲೋಷನ್ನೂ ಹಚ್ಚಿ, ಬೇಗ ಹೋಗುತ್ತೆ" ಅಂತ ಸ್ಟೀರಾಯ್ಡ್ ಲೋಷನ್ ಕೊಟ್ರೆ ಡಾಕ್ಟ್ರ ಚೀಟಿ ಇಲ್ದೆ ತಗೋಬೇಡಿ. ಅದರಲ್ಲಿ ಎರಡೇ ದಿನಕ್ಕೆ ತುರಿಕೆ ನಿಲ್ಲುತ್ತೆ, ನಿಜ, ಆದ್ರೆ ತಿಂಗಳುಗಟ್ಟಲೆ ಹಚ್ಚಿದ್ರೆ ಚರ್ಮ ತೆಳ್ಳಗಾಗುತ್ತೆ.